ಬೂದಕ್ಕ ಕೂಗಿದ ಚಳಿಗಾಲ

ಆ ಕಾಲದಲ್ಲಿ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಹುಳಗಳಿಗೆ ಮರ್ಯಾದೆ ಜಾಸ್ತಿ. ಶಿಡ್ಲಘಟ್ಟದಿಂದ ಮೇಲೂರಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ನಮ್ಮೂರು. ರೇಷ್ಮೆ ಹುಳ ಸಾಕುವುದಕ್ಕೆ ಬೇರೆ ಮನೆ ಕಟ್ಟಿಸುವ ಅನುಕೂಲ ನಮಗಿರಲಿಲ್ಲ. ನಡುಮನೆಯಲ್ಲಿ ಬಿದಿರಿನ ತಟ್ಟೆಗಳ ತುಂಬ ಹುಳಗಳು, ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ನಾವು. ಗೂಡು ಕಟ್ಟುವ ಮೊದಲು ಈ ಹುಳಗಳು ನಾಲ್ಕು ಸಲ ಸೊಪ್ಪು ತಿನ್ನುವುದು ಬಿಟ್ಟು, ಅಲ್ಲಾಡದೆ ಮಲಗಿ, ಪೊರೆ ಕಳಚುತ್ತವೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನನಗೆ ಜ್ವರ ಬಂದರೆ ‘ಎದ್ದು ಓಡಾಡು, ಹೋಗುತ್ತೆ’ ಎನ್ನುತ್ತಿದ್ದ ಅಜ್ಜಿ, ಹುಳಗಳಿಗೆ ಜ್ವರ ಬಂದರೆ ಇಡೀ ಮನೆಯನ್ನು ತುದಿಗಾಲಲ್ಲಿ ನಡೆಸುತ್ತಿದ್ದಳು. ಒಗ್ಗರಣೆ ಹಾಕಬಾರದು, ಊದುಬತ್ತಿ ಹಚ್ಚಬಾರದು, ಮಾಂಸ ಬೇಯಿಸಬಾರದು, ಜೋರಾಗಿ ಮಾತಾಡಬಾರದು.

ಒಗ್ಗರಣೆ, ಊದುಬತ್ತಿಯ ನಿಯಮ ಊರಿನ ಎಲ್ಲ ಮನೆಗಳಲ್ಲೂ ಇತ್ತು. ಜೋರಾಗಿ ಮಾತಾಡಬಾರದು ಎನ್ನುವುದು ಮಾತ್ರ ನಮ್ಮಜ್ಜಿಯ ಸ್ವಂತ ಕಾನೂನು. ಅದೂ ಹೆಂಗಸರಿಗೆ ಮಾತ್ರ. ಅಪ್ಪ ಹಿತ್ತಲಿನಿಂದ ಬೀದಿಯವರೆಗೆ ಕೇಳುವಂತೆ ಎಮ್ಮೆಯನ್ನು ಬೈದರೂ ಹುಳಗಳು ಆರಾಮವಾಗಿ ಸೊಪ್ಪು ತಿನ್ನುತ್ತಿದ್ದವು. ನಾನು ಒಂದು ಸಲ ನಕ್ಕರೆ ಸಾಕು, ‘ಹುಳ ಬೆಚ್ಚುತಾವೆ ಕಣೇ, ಬಾಯಿ ಮುಚ್ಚೇ ಗಂಡುಬೀರಿ’ ಎಂದು ಅಜ್ಜಿ ಓಡಿಬರುತ್ತಿದ್ದಳು. ನನ್ನ ದನಿ ಜೋರು. ಆಗಲೂ ಜೋರು, ಈಗಲೂ ಜೋರು. ಅದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳಿಲ್ಲ, ಕೇಳುವುದೂ ಇಲ್ಲ.

ಅಮ್ಮನದು ಬೇರೆ ಕತೆ. ಅಮ್ಮನ ದನಿ ಎದುರು ಕೂತವರಿಗೂ ಸರಿಯಾಗಿ ಕೇಳುತ್ತಿರಲಿಲ್ಲ. ನಾನು ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದರೆ ಊಟಕ್ಕೆ ಕರೆಯಲು ಅಮ್ಮ ಹೆಸರು ಹಿಡಿದು ಕೂಗುತ್ತಿರಲಿಲ್ಲ, ಬಾಗಿಲಲ್ಲಿ ನಿಂತು ಸೌಟಿನಿಂದ ತಟ್ಟೆಯನ್ನು ಬಡಿಯುತ್ತಿದ್ದಳು. ನನ್ನ ಜೊತೆಯ ಹುಡುಗಿಯರು ‘ಮಂಜುಳಾ, ನಿಮ್ಮಮ್ಮ ತಟ್ಟೆ’ ಎನ್ನುತ್ತಿದ್ದರು. ನಮ್ಮಮ್ಮನಿಗೆ ಮಾತೇ ಬರುವುದಿಲ್ಲ ಎಂದು ಒಬ್ಬಳು ತುಂಬ ದಿನ ತಿಳಿದುಕೊಂಡಿದ್ದಳು.

ಇಂಥ ಮನೆಯ ಹಿತ್ತಲಲ್ಲಿ ಬೂದಕ್ಕ ಇದ್ದಳು. ಬೂದಕ್ಕ ಅಂದರೆ ಕೋಳಿ. ಮೈ ಒಲೆಯ ಬೂದಿಯ ಬಣ್ಣ, ಕಾಲು ಹಳದಿ, ಬುದ್ಧಿ ಬಲು ಕೆಟ್ಟದ್ದು. ಬೀದಿನಾಯಿಯನ್ನು ಕುಕ್ಕಿ ತಿಪ್ಪೆಯವರೆಗೆ ಅಟ್ಟಿ ಬರುತ್ತಿದ್ದಳು. ಕಾವು ಕೂತಾಗ ಹತ್ತಿರ ಹೋದರೆ ಅಜ್ಜಿಯ ಕೈಯನ್ನೂ ಬಿಡುತ್ತಿರಲಿಲ್ಲ. ನನ್ನ ಅಂಗೈಯಿಂದ ಮಾತ್ರ ರಾಗಿ ಕಾಳು ತಿನ್ನುತ್ತಿದ್ದಳು. ಎಷ್ಟು ಮರಿ ಮಾಡಿದಳೋ, ಅದರಲ್ಲಿ ಎಷ್ಟು ಹದ್ದಿನ ಪಾಲಾದವೋ, ಎಷ್ಟು ನೆಂಟರ ಪಾಲಾದವೋ ಲೆಕ್ಕವಿಲ್ಲ.

ಆ ವರ್ಷ ಅವರೆಕಾಯಿ ಕಾಲಕ್ಕೆ ಬೂದಕ್ಕ ಮೊಟ್ಟೆ ಇಡುವುದನ್ನು ನಿಲ್ಲಿಸಿದಳು. ವಯಸ್ಸಾಯಿತು ಅಂದುಕೊಂಡೆವು. ಆದರೆ ಅವಳ ಜುಟ್ಟು ಕೆಂಪಗೆ ದಪ್ಪಗಾಯಿತು, ಬಾಲದಲ್ಲಿ ಎರಡು ಗರಿ ಉದ್ದಕ್ಕೆ ಬಾಗಿ ಬೆಳೆದವು, ನಡಿಗೆಯಲ್ಲಿ ಒಂಥರಾ ಗತ್ತು ಬಂತು. ಒಂದು ಬೆಳಗಿನ ಜಾವ, ಮಂಜು ಹಿಪ್ಪುನೇರಳೆ ತೋಟದ ಮೇಲೆ ಇನ್ನೂ ಮಲಗಿದ್ದಾಗ, ಹಿತ್ತಲಿನಿಂದ ಒಡಕು ದನಿಯೊಂದು ಬಂತು. ಕೊಕ್ಕೊಕ್ಕೊ ವರೆಗೆ ಸರಿಯಾಗಿತ್ತು, ಕೊನೆಯ ಕೋ ಮಾತ್ರ ಹಳೆ ಬಾಗಿಲು ತೆಗೆದಂತೆ ಕಿರ್‍ ಅಂದಿತು. ನಮ್ಮ ಹುಂಜ ಮಹಾಲಯಕ್ಕೇ ಸಾರಾಗಿತ್ತು. ಪಕ್ಕದ ಮನೆಯದು ಬೇಲಿ ಹಾರಿ ಬಂದಿದೆ ಎಂದು ಅಜ್ಜಿ ಕೋಲು ತಗೊಂಡು ಹೋದಳು. ಹೋದವಳು ಅಲ್ಲೇ ನಿಂತಳು.

“ದೇವುಡಾ! ಇದೇಮಿ ಕರ್ಮರಾ! ಯಾಟೆ ಕೂಗ್ತೈತಲ್ಲೋ!”

ಕಟ್ಟಿಗೆ ರಾಶಿಯ ಮೇಲೆ ಬೂದಕ್ಕ ನಿಂತಿದ್ದಳು. ನಮ್ಮೆಲ್ಲರ ಮುಖವನ್ನೂ ಒಮ್ಮೆ ನೋಡಿ, ರೆಕ್ಕೆ ಬಡಿದು, ಕತ್ತು ಚಾಚಿ, ಇನ್ನೊಂದು ಸಲ ಕೂಗಿದಳು. ಈ ಸಲ ಕೊನೆಯ ಕೋ ಸ್ವಲ್ಪ ಸುಧಾರಿಸಿತ್ತು.

ನಮ್ಮ ಕಡೆ ಯಾಟೆ, ಅಂದರೆ ಹೇಂಟೆ, ಕೂಗಿದರೆ ಮನೆಗೆ ಕೇಡು ಎನ್ನುತ್ತಾರೆ. ಅದನ್ನು ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ಮನೆಯಲ್ಲಿ ಕೊಯ್ದು ತಿನ್ನುವಂತೆಯೂ ಇಲ್ಲ. ಕೆರೆಕಟ್ಟೆಯ ಮುನೇಶ್ವರನಿಗೆ ಒಪ್ಪಿಸಿ, ಸಾರು ಅಲ್ಲೇ ಮಾಡಿ, ಅಲ್ಲೇ ಉಂಡು, ಕೈ ತೊಳೆದುಕೊಂಡು ಬರಬೇಕು. ಅಜ್ಜಿ ಅಂದೇ ಒಪ್ಪಿಸಿಬಿಡುತ್ತಿದ್ದಳು. ಆದರೆ ಹುಳಗಳು ಆಗಷ್ಟೇ ನಾಲ್ಕನೇ ಜ್ವರದಿಂದ ಎದ್ದಿದ್ದವು. ಆಗ ಅವಕ್ಕೆ ಹಸಿವು ಹೇಗಿರುತ್ತದೆಂದರೆ, ಮನೆಯವರೆಲ್ಲ ಹಗಲೆಲ್ಲ ಸೊಪ್ಪು ಕೊಯ್ದು ಹೊತ್ತು ತಂದರೂ ಸಾಲದು. ದೇವರಿಗೆ ಹೋಗಲು ಯಾರಿಗೆ ಬಿಡುವು? “ಹುಳ ಹಣ್ಣಾಗಿ ಚಂದ್ರಿಕೆ ಹತ್ತಲಿ, ಗೂಡು ಬಿಡಿಸೋದು ಮುಗೀಲಿ, ಆಮೇಲಿನ ಭಾನುವಾರ ಇದರ ಕತೆ ಮುಗಿಸಣ” ಎಂದು ಅಜ್ಜಿ ತೀರ್ಪು ಕೊಟ್ಟಳು. ಹಣ್ಣಾದ ಹುಳ ಗೂಡು ಕಟ್ಟಲು ಹತ್ತುವ ಬಿದಿರಿನ ತಟ್ಟಿಯೇ ಚಂದ್ರಿಕೆ. ಹುಳಗಳ ದಯೆಯಿಂದ ಬೂದಕ್ಕನಿಗೆ ಇನ್ನಷ್ಟು ದಿನ ಸಿಕ್ಕಿತು. ನಾನು ಜೀವನದಲ್ಲಿ ಮೊದಲ ಸಲ ಹುಳಗಳು ನಿಧಾನವಾಗಿ ತಿನ್ನಲಿ ಎಂದು ಬೇಡಿಕೊಂಡೆ. ಅವು ಕೇಳಲಿಲ್ಲ.

ಆ ದಿನಗಳಲ್ಲಿ ಏನೇ ಆದರೂ ಬೂದಕ್ಕನೇ ಕಾರಣ. ಎಮ್ಮೆ ಒದ್ದು ಹಾಲು ಚೆಲ್ಲಿದ್ದು ಕೋಳಿಯಿಂದ. ಹಂಚು ಜಾರಿ ಬಿದ್ದದ್ದು ಕೋಳಿಯಿಂದ. ಗಣಿತದಲ್ಲಿ ನನಗೆ ಕಮ್ಮಿ ನಂಬರು ಬಂದದ್ದೂ ಕೋಳಿಯಿಂದ.

“ಹೋದ ಸಲಾನೂ ಅಷ್ಟೇ ಬಂದಿತ್ತಲ್ಲಜ್ಜಿ. ಆಗ ಬೂದಕ್ಕ ಮೊಟ್ಟೆ ಇಡ್ತಿದ್ಳು” ಎಂದೆ.

“ಎದುರು ಮಾತಾಡ್ಬೇಡ. ಹೆಣ್ಣು ಕೂಗಿದ ಮನೆ ಉದ್ಧಾರ ಆಗಲ್ಲ.”

ಅಪ್ಪನನ್ನು ಕೇಳಿದೆ. ಅಪ್ಪ ಸೊಪ್ಪಿನ ಹೊರೆ ಇಳಿಸುತ್ತಾ, “ಅದು ಕೂಗಿದ್ರೆ ಏನೂ ಆಗಲ್ಲ ಪಾಪ. ಆದ್ರೆ ನಿಮ್ಮಜ್ಜಿ ಬಾಯಿಗೆ ಯಾರು ಸಿಗ್ತಾರೆ? ಹೋಗ್ಲಿ ಬಿಡು, ಒಂದು ಕೋಳಿ ತಾನೆ” ಅಂದ. ಒಂದು ಕೋಳಿ ತಾನೆ! ನನಗೆ ಮೈಯೆಲ್ಲ ಉರಿಯಿತು. ಹೆದರಿಕೊಂಡು ಸುಮ್ಮನಿರುವವರನ್ನು ಕಂಡರೆ ನನಗೆ ಅಂದಿನಿಂದಲೂ ಆಗುವುದಿಲ್ಲ, ಅಪ್ಪನಾದರೂ ಅಷ್ಟೇ.

ಮಾರನೆಯ ಬೆಳಿಗ್ಗೆ ಬೂದಕ್ಕ ಕೂಗಿದ ತಕ್ಷಣ ನಾನೂ ಕಟ್ಟಿಗೆ ರಾಶಿ ಹತ್ತಿ ಕೂಗಿದೆ. ಸುಮ್ಮನೆ ಕೂಗಲಿಲ್ಲ, ಎರಡೂ ತೋಳು ಬಡಿದು, ಕತ್ತು ಚಾಚಿ ಕೂಗಿದೆ. ಎದುರುಮನೆಯ ಜೈತೂನ್ ಬೀ ಹಲ್ಲುಜ್ಜುತ್ತಿದ್ದವಳು ಬಾಯಲ್ಲಿದ್ದ ನೀರನ್ನು ಉಗುಳಿ ನಕ್ಕುಬಿಟ್ಟಳು. “ಯಾ ಅಲ್ಲಾ! ನಿಮ್ಮನೇಲಿ ಎಷ್ಟು ಹುಂಜ ಐತಮ್ಮಾ?”

ಅಜ್ಜಿ ಪೊರಕೆ ಹಿಡಿದು ಬಂದಳು. “ಇಳಿಯೇ! ಮಾನ ಮರ್ಯಾದೆ ಐತೇನೇ ನಿನಗೆ?”

“ಹೆಣ್ಣು ಕೂಗಿದ್ರೆ ಕೇಡು ತಾನೆ? ನನ್ನೂ ಕರ್ಕೊಂಡೋಗಿ ಮುನೇಶ್ವರನಿಗೆ ಒಪ್ಪಿಸು!”

ಬೆನ್ನಿಗೆ ಏಟು ಬಿತ್ತು. ಮಾರನೆಯ ದಿನ ಮತ್ತೆ ಕೂಗಿದೆ, ಮತ್ತೆ ಬಿತ್ತು. ಅಮ್ಮ ಒಲೆಯ ಮುಂದೆ ಕೂತು ಎಲ್ಲ ನೋಡುತ್ತಿದ್ದಳು. ಮೂರನೆಯ ದಿನ ಬೆನ್ನಿಗೆ ಹರಳೆಣ್ಣೆ ಹಚ್ಚುತ್ತಾ ಅವಳು ಒಂದೇ ಮಾತು ಕೇಳಿದಳು. “ನೋಯುತ್ತಾ?” ಇಲ್ಲ ಎಂದೆ. ಬೇಡ ಕೂಗಬೇಡ ಎಂದು ಅವಳು ಹೇಳಲಿಲ್ಲ. ಅದೇ ನನಗೆ ದೊಡ್ಡ ಬಲವಾಯಿತು.

ಹುಳ ಹಣ್ಣಾದವು, ಚಂದ್ರಿಕೆ ಹತ್ತಿ ಗೂಡು ಕಟ್ಟಿದವು, ಅಪ್ಪ ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿ ಬಂದ. ಅಷ್ಟು ಒಳ್ಳೆಯ ಬೆಳೆ ಹಿಂದೆಂದೂ ಆಗಿರಲಿಲ್ಲ. ಅದನ್ನು ಹೇಳಿ ನೋಡಿದೆ. “ಅದಕ್ಕೇ ಈಗ್ಲೇ ಒಪ್ಪಿಸ್ಬೇಕು, ಮುಂದಿನ ಬೆಳೆ ಕೆಡೋ ಮುಂಚೆ” ಎಂದಳು ಅಜ್ಜಿ. ಬೆಳೆ ಆದರೂ ತಪ್ಪು, ಕೆಟ್ಟರೂ ತಪ್ಪು. ಅಜ್ಜಿಯನ್ನು ವಾದದಲ್ಲಿ ಗೆಲ್ಲುವವರು ಹುಟ್ಟಿರಲಿಲ್ಲ.

ಭಾನುವಾರ ಕೆರೆಕಟ್ಟೆಗೆ ಹೊರಟೆವು. ಅಪ್ಪನ ಕಂಕುಳಲ್ಲಿ ಬೂದಕ್ಕ, ಅಜ್ಜಿಯ ಕೈಯಲ್ಲಿ ರುಬ್ಬಿದ ಮಸಾಲೆಯ ಡಬ್ಬಿ, ಅಮ್ಮನ ತಲೆಯ ಮೇಲೆ ಪಾತ್ರೆ, ರಾಗಿಹಿಟ್ಟು. ಗಸಗಸೆ, ಚಕ್ಕೆ, ಲವಂಗ ಹುರಿದು ರುಬ್ಬಿದ ಆ ಮಸಾಲೆಯ ಘಮಕ್ಕೆ ಅಷ್ಟು ದಿನ ಸಪ್ಪೆ ಉಂಡಿದ್ದ ನನ್ನ ಬಾಯಲ್ಲಿ ನೀರೂರಿತು. ಅದಕ್ಕಾಗಿ ನನ್ನ ಮೇಲೆ ನನಗೇ ಸಿಟ್ಟು ಬಂತು. ದಾರಿಯುದ್ದಕ್ಕೂ ಅತ್ತುಕೊಂಡು ಹೋದೆ.

ಬೇವಿನ ಮರದ ಕೆಳಗೆ ಅರಿಸಿನ ಕುಂಕುಮ ಬಳಿದ ಕಲ್ಲುಗಳು, ಅದೇ ಮುನೇಶ್ವರ. ಅಪ್ಪ ಕೋಳಿಯನ್ನು ಕೆಳಗಿಳಿಸಿ, ಕಾಲಿಗೆ ಕಟ್ಟಿದ ದಾರವನ್ನು ಹಿಡಿದುಕೊಂಡ. ನಮ್ಮಲ್ಲಿ ಒಂದು ಪದ್ಧತಿ ಇದೆ. ಸುಮ್ಮನೆ ಕತ್ತಿ ಹಾಕುವಂತಿಲ್ಲ. ಕೋಳಿಯಾಗಲಿ ಕುರಿಯಾಗಲಿ, ತಲೆಯ ಮೇಲೆ ನೀರು ಹಾಕಬೇಕು. ಅದು ಮೈ ಕೊಡವಿದರೆ ಒಪ್ಪಿಗೆ ಎಂದರ್ಥ. ಕೊಡವದಿದ್ದರೆ ಇನ್ನೂ ಎರಡು ಸಲ ಹಾಕಬಹುದು. ಮೂರಕ್ಕೂ ಕೊಡವದಿದ್ದರೆ ಬಿಟ್ಟುಬಿಡಬೇಕು. ಆದರೆ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ನೀರು ಬಿದ್ದರೆ ಕೋಳಿ ಮೈ ಕೊಡವದೆ ಇನ್ನೇನು ಮಾಡುತ್ತದೆ?

ಅಜ್ಜಿ ಚೊಂಬಿನಿಂದ ನೀರು ಹಾಕಿದಳು. ಆ ಚಳಿಯಲ್ಲಿ ಕೆರೆಯ ನೀರು ಕೈಗೇ ಕೊರೆಯುತ್ತಿತ್ತು. ಬೂದಕ್ಕ ಕಣ್ಣು ಮುಚ್ಚಿ ತೆರೆದಳು, ಅಷ್ಟೇ. ನನಗೆ ಕೂಗಬೇಕು ಅನಿಸಿತು. ಆದರೆ ನಾನು ಕೂಗಿದರೆ ಅವಳೂ ಕೂಗುತ್ತಾಳೆ, ಕೂಗುವ ಮೊದಲು ರೆಕ್ಕೆ ಬಡಿಯುತ್ತಾಳೆ, ಬಡಿದರೆ ಒಪ್ಪಿಗೆ ಎಂದುಬಿಡುತ್ತಾರೆ. ಎರಡೂ ಕೈಯಿಂದ ನನ್ನ ಬಾಯನ್ನು ನಾನೇ ಮುಚ್ಚಿಕೊಂಡೆ.

ಎರಡನೆಯ ಸಲ ಅಜ್ಜಿ ಕತ್ತಿನ ಮೇಲೆ ಹಾಕಿದಳು. ನೀರು ಗರಿಗಳ ಮೇಲೆ ಇಳಿದು ಮಣ್ಣಿಗೆ ಹೋಯಿತು. ಬೂದಕ್ಕ ಒಂದು ಕಾಲೆತ್ತಿ ಇನ್ನೊಂದರ ಮೇಲೆ ನಿಂತಳು. ಮೂರನೆಯ ಸಲ ಇಡೀ ಚೊಂಬು ಸುರಿದಳು. ಕೋಳಿ ತೊಯ್ದು ತೊಪ್ಪೆಯಾಗಿ ಅರ್ಧ ಗಾತ್ರಕ್ಕೆ ಇಳಿಯಿತು. ಅಲ್ಲಾಡಲಿಲ್ಲ. ಅಜ್ಜಿಯ ಮುಖವನ್ನೇ ಓರೆಗಣ್ಣಿನಿಂದ ನೋಡುತ್ತಿತ್ತು.

“ನೀರು ಸರಿಯಾಗಿ ಬೀಳ್ಲಿಲ್ಲ. ಇನ್ನೊಂದು ಚೊಂಬು ತಗೊಂಬಾರೋ” ಎಂದಳು ಅಜ್ಜಿ. ಅಪ್ಪ ಚೊಂಬಿಗೆ ಕೈ ಚಾಚಿದ.

“ಸಾಕು!”

ಆ ದನಿ ಯಾರದೆಂದು ನನಗೆ ಗೊತ್ತಾಗಲಿಲ್ಲ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ತಲೆ ಎತ್ತಿ ನೋಡಿದರು. ಅಮ್ಮ ಪಾತ್ರೆಯನ್ನು ಕೆಳಗಿಟ್ಟು ಎದ್ದು ನಿಂತಿದ್ದಳು.

“ಮೂರು ಸಲ ಕೇಳಿದ್ರಿ ಅತ್ತೆ. ಮೂರು ಸಲಾನೂ ಒಲ್ಲೆ ಅಂತು. ಇನ್ನೆಷ್ಟು ಸಲ ಕೇಳ್ತೀರಾ?”

“ಏಮೇ, ನನಗೇ ಎದುರು ಹೇಳ್ತೀಯಾ?”

“ಹೌದು, ಹೇಳ್ತೀನಿ. ಕೋಳಿಗಾದ್ರೂ ಕೇಳಿದ್ರಲ್ಲ. ಈ ಮನೆಗೆ ತರೋವಾಗ ನನ್ನ ಒಂದು ಸಲಾನಾದ್ರೂ ಯಾರಾದ್ರೂ ಕೇಳಿದ್ರಾ?”

ಅಪ್ಪ ಚೊಂಬನ್ನು ಕೆಳಗಿಟ್ಟ. ಅಮ್ಮ ಬಂದು ಅವನ ಕೈಯಿಂದ ದಾರ ಬಿಡಿಸಿಕೊಂಡಳು. ಕೋಳಿಯನ್ನೆತ್ತಿ ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟಳು. ನನ್ನ ತೋಳಿಗೆ ಬಂದ ಮೇಲೆ ಬೂದಕ್ಕ ಗಡಗಡ ನಡುಗಿದಳು. ಅದನ್ನು ಯಾರಿಗೂ ಕಾಣದಂತೆ ಲಂಗದಲ್ಲಿ ಮುಚ್ಚಿಕೊಂಡೆ.

ಅಂದು ಅಲ್ಲಿ ಕೋಳಿಯಿಲ್ಲದ ಕೋಳಿಸಾರು ಆಯಿತು. ಅಮ್ಮ ಪಕ್ಕದ ನಮ್ಮ ಹೊಲದಿಂದ ಮಡಿಲ ತುಂಬ ಅವರೆಕಾಯಿ ಕಿತ್ತು ತಂದಳು, ಸುಲಿದು ಅದೇ ಮಸಾಲೆಗೆ ಹಾಕಿದಳು. ಸೊಗಡು ಅವರೆಯ ಘಮ, ಬಿಸಿ ಮುದ್ದೆ. ಅಜ್ಜಿ ಮುಖ ಆ ಕಡೆ ತಿರುಗಿಸಿಕೊಂಡು ಕೂತಿದ್ದಳು. ಆದರೆ ಎರಡನೇ ಸಲ ಸಾರು ಹಾಕಿಸಿಕೊಂಡಳು. ಅಮ್ಮನ ಜೊತೆ ಸಂಕ್ರಾಂತಿಯವರೆಗೆ ಮಾತು ಬಿಟ್ಟಳು. ಸಂಕ್ರಾಂತಿಯ ದಿನ ಎಳ್ಳು ಬೀರಲು ಬಂದವರ ಮುಂದೆ, “ನಮ್ಮನೆ ಯಾಟೆ ಅಂದ್ರೆ ಏನಂದ್ಕೊಂಡ್ರಿ? ಮುನೇಶ್ವರನ ಮುಂದೇನೇ ಒಲ್ಲೆ ಅಂದಿದ್ದು” ಎಂದು ತಾನೇ ಜಂಬ ಕೊಚ್ಚಿಕೊಂಡಳು. ಆಮೇಲೆ ಹುಳದ ಜ್ವರದ ಕಾಲದಲ್ಲೂ ನಮ್ಮನ್ನು ಯಾರೂ ಸುಮ್ಮನಿರಿ ಎನ್ನಲಿಲ್ಲ. ಒಂದು ಹುಳವೂ ಬೆಚ್ಚಲಿಲ್ಲ.

ಬೂದಕ್ಕ ಮತ್ತೆ ಕೆಲವು ವರ್ಷ ಬದುಕಿದಳು, ಕೊನೆಯವರೆಗೂ ಕೂಗಿದಳು. ಮುಂದೆ ಯಾವಾಗಲೋ ಪಶುವೈದ್ಯರೊಬ್ಬರಿಗೆ ಈ ಕತೆ ಹೇಳಿದೆ. ಹೊಟ್ಟೆಯೊಳಗೆ ಮೊಟ್ಟೆಯ ಚೀಲ ಕೆಟ್ಟರೆ ಹೇಂಟೆಗಳು ಹೀಗೆ ಕೂಗುವುದುಂಟು, ಅದೊಂದು ಕಾಯಿಲೆ ಎಂದರು. ಇರಬಹುದು. ದನಿ ಬರುವುದನ್ನು ಕಾಯಿಲೆ ಅನ್ನಲು ನನಗೆ ಈಗಲೂ ಮನಸ್ಸಿಲ್ಲ.

ಅಜ್ಜಿ ಹೋಗಿ ತುಂಬ ಕಾಲವಾಯಿತು. ನಡುಮನೆಯಲ್ಲಿ ಈಗ ಹುಳವಿಲ್ಲ, ಸೋಫಾ ಇದೆ. ಬೆಳಗಿನ ಜಾವ ನಮ್ಮೂರಿನಲ್ಲಿ ಕೂಗುವುದು ಮೊಬೈಲು. ಮೊನ್ನೆ ಅಮ್ಮನ ಜೊತೆ ಕೆರೆಕಟ್ಟೆಗೆ ಹೋಗಿದ್ದೆ. ಮುನೇಶ್ವರನಿಗೆ ಟೈಲ್ಸ್ ಹಾಕಿಸಿದ್ದಾರೆ. ಯಾರದೋ ಮನೆಯವರು ಅಂಗಡಿಯಿಂದ ತಂದ ಬಿಳಿ ಫಾರಂ ಕೋಳಿಯನ್ನು ಕಲ್ಲಿನ ಮುಂದೆ ಇಟ್ಟಿದ್ದರು. ಅದಕ್ಕೆ ತನ್ನ ಕಾಲ ಮೇಲೆ ನಿಲ್ಲಲೂ ಆಗುತ್ತಿರಲಿಲ್ಲ. ಬಾಟಲಿಯಿಂದ ಎರಡು ಹನಿ ನೀರು ಚಿಮುಕಿಸಿದರು. ಬೀಳುವ ಮೊದಲೇ ಅದು ನಡುಗಿತು. “ಒಪ್ಕೊಂತು, ಒಪ್ಕೊಂತು” ಎಂದು ಎಲ್ಲರೂ ಕೈಮುಗಿದರು.

“ಇದೂ ಒಂದು ಕೇಳೋದೇನೇ ಮಂಜಿ” ಎಂದಳು ಅಮ್ಮ, ಎಲ್ಲರಿಗೂ ಕೇಳುವಷ್ಟು ಜೋರಾಗಿ.

ಅವರು ತಿರುಗಿ ನೋಡಿದರು. ನೋಡಲಿ. ನಮ್ಮ ಕಡೆ ಈಗ ಕೋಳಿಗೇನೂ ಬರವಿಲ್ಲ, ಬೀದಿಗೆರಡು ಅಂಗಡಿ. ಒಲ್ಲೆ ಅನ್ನುವ ಕೋಳಿ ಮಾತ್ರ ಎಲ್ಲೂ ಸಿಗುವುದಿಲ್ಲ.