ಒರೆಸಿದ ಎಲೆಗಳು

ಕಳೆದ ವಾರ ಪಕ್ಕದ ಮನೆಯಾಕೆ ಒಂದು ಕುಂಡ ಹೊತ್ತುಕೊಂಡು ಬಂದಳು. ನರ್ಸರಿಯಿಂದ ತಂದ ಜರಿಗಿಡ. ಕೂದಲೆಳೆಯಂಥ ಕಪ್ಪು ಕಡ್ಡಿ, ಅದರ ತುಂಬ ಬೀಸಣಿಗೆಯಾಕಾರದ ಪುಟ್ಟ ಪುಟ್ಟ ಎಲೆ. “ಅಕ್ಕಾರ, ಎಲಿ ಅಂಚು ಕಂದಾಗಾಕತ್ತೇತ್ರಿ. ರೋಗ ಬಿದ್ದೇತೇನೊ. ಒದ್ದಿ ಅರಿವೀಲೆ ಒರಸ್ಲೇನ್ರಿ?” ಎಂದಳು. ನಾನು ಪತ್ರಿಕೆ ಓದುತ್ತಿದ್ದೆ. ಪತ್ರಿಕೆ ಕೆಳಗಿಟ್ಟು, ಕನ್ನಡಕ ಹಾಕಿಕೊಂಡು, ಎದ್ದು ಹೋಗಿ ಎಲೆಯ ಅಂಚನ್ನು ಬಿಡಿಸಿ ನೋಡಿ ಆಮೇಲೆಯೇ ಬೇಡವೆಂದೆ. ಇಷ್ಟು ಸಣ್ಣ ಮಾತಿಗೆ ಮುದುಕಿ ಇಷ್ಟೆಲ್ಲ ಏಕೆ ಮಾಡಿದಳೋ ಎಂದು ಆಕೆಗೆ ಅನಿಸಿರಬೇಕು. ಇದೇ ಪ್ರಶ್ನೆಯನ್ನು ನನಗೆ ಮೊದಲು ಕೇಳಿದವರು ನಮ್ಮ ಕಾಲೇಜಿನ ಕಾಕಾ...

ಆಗ ಎರಡನೆಯ ಮಹಾಯುದ್ಧದ ಕಾಲ. ಧಾರವಾಡದಲ್ಲಿ ನಾನು ಸಸ್ಯಶಾಸ್ತ್ರ ಓದುತ್ತಿದ್ದೆ. ತರಗತಿಯಲ್ಲಿ ಹದಿಮೂರು ಹುಡುಗರು, ನಾನೊಬ್ಬಳು. ಹದಿಮೂವರಿಗೂ ಉತ್ತರ ಗೊತ್ತಾಗುವ ಮೊದಲೇ ನನ್ನ ಕೈ ಮೇಲೆದ್ದಿರುತ್ತಿತ್ತು. ಜಂಬ ಇತ್ತು, ಇಲ್ಲವೆನ್ನುವುದಿಲ್ಲ. ಜಂಬಕ್ಕೆ ತಕ್ಕ ಬುದ್ಧಿಯೂ ಇತ್ತು.

ಕಾಕಾ ಪ್ರಯೋಗಾಲಯದ ಸಿಪಾಯಿ. ಅವರ ಮನೆತನ ಹುಬ್ಬಳ್ಳಿಯಲ್ಲಿ ತಲೆತಲಾಂತರದಿಂದ ವೀಳ್ಯದೆಲೆ ಮಾರುವವರದು. ಅಣ್ಣ ಅಂಗಡಿ ನೋಡಿಕೊಳ್ಳುತ್ತಿದ್ದ, ಇವರು ಕಾಲೇಜು ಸೇರಿದ್ದರು. ಹತ್ತು ವರ್ಷ ರಸಾಯನಶಾಸ್ತ್ರದ ಕಡೆ ಗಾಜಿನ ನಳಿಕೆ ತೊಳೆದು, ಆ ವರ್ಷವಷ್ಟೇ ನಮ್ಮ ಕಡೆಗೆ ಬಂದಿದ್ದರು. ಅವರು ತೊಳೆದ ಗಾಜು ಮೇಜಿನ ಮೇಲಿದ್ದರೆ ಅಲ್ಲಿ ಗಾಜು ಇದೆಯೆಂದೇ ತಿಳಿಯುತ್ತಿರಲಿಲ್ಲ. ಇಷ್ಟಾಗಿಯೂ ಅವರದು ಹಂಗಾಮಿ ಕೆಲಸ. ಬೇಸಿಗೆ ಬಂತೆಂದರೆ ತೆಗೆಯುವುದು, ಮಳೆಗಾಲ ಬಂತೆಂದರೆ ಮತ್ತೆ ಕರೆಯುವುದು. ಕಾಯಂ ಸಿಪಾಯಿಗಳ ಎದೆಯ ಪಟ್ಟಿಗೆ ಒಂದು ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ಕಾಕಾನ ಎದೆಯ ಮೇಲೆ ಅದಿರಲಿಲ್ಲ. ಆ ವರ್ಷ ನಮ್ಮ ಪ್ರೊಫೆಸರರು, ಪರೀಕ್ಷೆ ಸುಸೂತ್ರ ಮುಗಿದರೆ ಕಾಕಾನನ್ನು ಕಾಯಂ ಮಾಡಲು ಬರೆಯುತ್ತೇನೆಂದು ಎಲ್ಲರ ಎದುರಿಗೇ ಹೇಳಿದ್ದರು. ಕಾಕಾ ಆಗಿನಿಂದ ಬಿಲ್ಲೆ ಬರುವ ಜಾಗವನ್ನು ಆಗಾಗ ಕೈಯಿಂದ ಸವರಿಕೊಳ್ಳುತ್ತಿದ್ದುದನ್ನು ನಾನು ಕಂಡಿದ್ದೇನೆ.

ಪರೀಕ್ಷೆಗೆ ಮುಂಬಯಿಯಿಂದ ಪರೀಕ್ಷಕರು ಬರುತ್ತಿದ್ದರು. ಈ ಸಲ ಜರಿಗಿಡ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಕಾಕಾ ರೈಲಿನಲ್ಲಿ ಕ್ಯಾಸಲ್‌ರಾಕಿಗೆ ಹೋಗಿ, ಹಳ್ಳದ ಬದಿಯಿಂದ ಮೂರು ಜಾತಿಯ ಜರಿಗಳನ್ನು ಒದ್ದೆ ಚೀಲದಲ್ಲಿ ತಂದಿದ್ದರು. ನಾಲ್ಕನೆಯದು ಊರಿನದೇ, ಕೆಲಗೇರಿ ದಾರಿಯ ಹಳೆಯ ಮೆಟ್ಟಿಲು ಬಾವಿಯದು.

ಹಿಂದಿನ ದಿನ ಸಂಜೆ ನಾನು ಪ್ರಯೋಗಾಲಯದಲ್ಲಿ ಕುಳಿತು ಪಾಠ ಉರುಹೊಡೆಯುತ್ತಿದ್ದೆ. ಜರಿಗಿಡಕ್ಕೆ ಹೂವಿಲ್ಲ, ಕಾಯಿಲ್ಲ. ಎಲೆಯ ಬೆನ್ನಿನ ಕಂದು ಚುಕ್ಕೆಗಳೇ ಬೀಜಕಕೋಶಗಳ ಗುಂಪು... ಇದನ್ನೇ ಬಾಯಿಪಾಠ ಹೇಳುತ್ತಿದ್ದೆ. ಆ ಹೊತ್ತಿಗೇ ಕಾಕಾ ಆಚೆ ಮೇಜಿನಿಂದ ಕೇಳಿದರು.

“ತಂಗಿ, ಈ ಎಲಿ ಬೆನ್ನಿಗೆ ಎಂಥದೋ ಕಂದು ಹುಳುಕು ಹತ್ತೇತ್ರಿ. ಮುಂಬೈ ಸಾಹೇಬ್ರ ಮುಂದ ಹಿಂಗಾ ಇಟ್ರ ಮರ್ಯಾದಿ ಅಲ್ಲ. ಒರಸ್ಲೇನು?”

ನಾನು ತಲೆ ಎತ್ತಲಿಲ್ಲ. “ಒರಸ್ರಿ ಕಾಕಾ, ಹಿಂದೂ ಮುಂದೂ ಛಲೋತ್ನಾಗಿ ಒರಸ್ರಿ” ಎಂದೆ.

ಎಲೆ ಮಾರುವವರ ಮನೆಯಲ್ಲಿ ಅದೊಂದು ಕಟ್ಟುಪಾಡು. ಗಿರಾಕಿಗೆ ಎಲೆ ಕೊಡುವ ಮೊದಲು ಒದ್ದೆ ಬಟ್ಟೆಯಿಂದ ಎರಡೂ ಮಗ್ಗುಲು ಒರೆಸಬೇಕು. ಕಲೆಯಿದ್ದ ಎಲೆ ಕೊಟ್ಟರೆ ಬಂದವನನ್ನು ಅವಮಾನ ಮಾಡಿದಂತೆ. ಕಾಕಾ ಎಲೆಗಳನ್ನು ಒಂದೊಂದಾಗಿ ಅಂಗೈ ಮೇಲೆ ಮಲಗಿಸಿ ಒರೆಸತೊಡಗಿದರು. ಆ ಸಪ್ಪಳ ನನ್ನ ಕಿವಿಗೆ ಬೀಳುತ್ತಲೇ ಇತ್ತು. ಪಾಠ ಮುಗಿಸಿ ಪುಸ್ತಕ ಮುಚ್ಚಿ ಮನೆಗೆ ಹೋದೆ.

ಮರುದಿನ ಹನ್ನೊಂದಕ್ಕೆ ಪರೀಕ್ಷೆ. ನಾನು ಎಂಟಕ್ಕೇ ಬಂದೆ. ಕಾಕಾ ನಗುತ್ತಾ ಎಲೆ ಎತ್ತಿ ತೋರಿಸಿದರು. “ನೋಡ್ರಿ, ಒಂದು ಕಲಿ ಉಳದಿಲ್ಲ.” ತಿರುವಿ ನೋಡಿದೆ. ಬೆನ್ನು ಬೋಳು. ಇನ್ನೊಂದು ನೋಡಿದೆ, ಮತ್ತೊಂದು ನೋಡಿದೆ. ಕ್ಯಾಸಲ್‌ರಾಕಿನ ಮೂರೂ ಜಾತಿಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ.

“ಕಾಕಾ, ಅದು ಹುಳುಕಲ್ರಿ. ಅದಾ ಇದರ ಬೀಜ.”

ಅವರು ಕೈಯಲ್ಲಿದ್ದ ಬಟ್ಟೆಯನ್ನು ನೋಡಿದರು. ಕಂದು ಬಣ್ಣಕ್ಕೆ ತಿರುಗಿದ್ದ ಅದನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟರು. ನೀವೇ ಹೇಳಿದ್ದಿರಲ್ಲ ಎನ್ನುತ್ತಾರೆಂದು ಕಾದೆ. ಅವರು ಅನ್ನಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು ಸ್ಟೂಲಿನ ಮೇಲೆ ಕುಳಿತುಬಿಟ್ಟರು.

ಉಳಿದದ್ದು ಬಾವಿಯ ಜರಿ ಒಂದೇ. ಅದಕ್ಕೆ ಶಾಸ್ತ್ರದಲ್ಲಿ ಅಡಿಯಾಂಟಮ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಒದ್ದೆಯಾಗದ್ದು ಎಂದರ್ಥವಂತೆ. ನೀರು ಹಾಕಿದರೆ ಮಣಿಮಣಿಯಾಗಿ ಉರುಳಿಹೋಗುತ್ತದೆ. ಎಲೆಗೆ ನಡುನರವಿಲ್ಲ, ನರಗಳು ಬುಡದಿಂದ ಎರಡೆರಡಾಗಿ ಕವಲೊಡೆಯುತ್ತ ಅಂಚಿನವರೆಗೆ ಹೋಗುತ್ತವೆ. ಎಲ್ಲಕ್ಕಿಂತ ದೊಡ್ಡ ವಿಶೇಷ ಆ ಅಂಚಿನಲ್ಲಿದೆ. ಸೀರೆಯ ಅಂಚು ಮಡಿಚಿ ಹೊಲಿದಂತೆ ಎಲೆಯ ತುದಿ ಕೆಳಕ್ಕೆ ಮಡಚಿಕೊಂಡಿರುತ್ತದೆ, ಆ ಮಡಿಕೆಯ ಒಳಮೈಗೇ ಬೀಜಕಕೋಶಗಳು ಅಂಟಿಕೊಂಡಿರುತ್ತವೆ. ಬೇರೆ ಜರಿಗಳಲ್ಲಿ ಅವು ಎಲೆಯ ಮೈಮೇಲಿದ್ದರೆ ಇದರಲ್ಲಿ ಮಡಿಕೆಯ ಮುಚ್ಚಳಕ್ಕೇ ಅಂಟಿರುತ್ತವೆ. ಕಾಕಾ ಅದನ್ನೂ ಬಿಡದೆ ಒರೆಸಿದ್ದರು. ನಾನು ಸೂಜಿಯಿಂದ ಒಂದು ಅಂಚು ಎತ್ತಿ ಭೂತಗನ್ನಡಿ ಹಿಡಿದೆ. ಎಲ್ಲವೂ ಇದ್ದಲ್ಲೇ ಇದ್ದವು.

ಆದರೆ ಇದ್ದದ್ದು ನಾಲ್ಕೇ ಕಡ್ಡಿ, ಪರೀಕ್ಷೆಗೆ ಕೂಡುವವರು ಹದಿನಾಲ್ಕು ಮಂದಿ. “ಬರ್ರಿ ಕಾಕಾ, ಬಾವಿಗೆ ಹೋಗೂಣು” ಎಂದೆ. ನನ್ನ ಸೈಕಲ್ ಅವರಿಗೆ ಕೊಟ್ಟು ನಾನು ಹಿಂದೆ ಕುಳಿತೆ. ಹೆಣ್ಣುಮಗಳು ಸಿಪಾಯಿಯ ಹಿಂದೆ ಸೈಕಲ್ ಹತ್ತಿದ್ದನ್ನು ನೋಡಿ ಓಣಿಯ ಜನ ಬಾಯಿ ತೆರೆದು ನಿಂತದ್ದು ಈಗ ನೆನೆದರೂ ನಗು ಬರುತ್ತದೆ.

ಬಾವಿಯ ಕಲ್ಲಿನ ಸಂದುಗಳಲ್ಲಿ ಗಾರೆಯನ್ನೇ ಹಿಡಿದುಕೊಂಡು ಜರಿ ಇಳಿಬಿದ್ದಿತ್ತು. ಎಳೆಯ ಎಲೆಗಳು ನಸುಗೆಂಪಾಗಿ, ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡಿದ್ದವು. ನಾನು ಮೆಟ್ಟಿಲ ಮೇಲೆ ನಿಂತು ಕಾಕಾನಿಗೆ ಪಾಠ ಮಾಡಿದೆ. ಅಂಚಿನ ಮಡಿಕೆ ಹಸಿರಿದ್ದರೆ ಕಾಯಿ, ಕಂದಾಗಿದ್ದರೆ ಹಣ್ಣು, ಬಿಚ್ಚಿಕೊಂಡಿದ್ದರೆ ಉದುರಿಹೋಗಿದೆ. ಐದು ನಿಮಿಷ ಸಾಕಾಯಿತು. ನಾನು ಒಂದು ಕಡ್ಡಿ ಪರೀಕ್ಷಿಸುವಷ್ಟರಲ್ಲಿ ಅವರು ಹತ್ತು ಆರಿಸುತ್ತಿದ್ದರು. ಹೆಬ್ಬೆರಳಿನಿಂದ ಅಂಚನ್ನು ಮುಟ್ಟಿಯೇ ಬೇಕು ಬೇಡ ಹೇಳಿಬಿಡುತ್ತಿದ್ದರು. ವೀಳ್ಯದೆಲೆ ವಿಂಗಡಿಸಿದ ಬೆರಳುಗಳವು, ಕಣ್ಣಿನ ಹಂಗೇ ಇರಲಿಲ್ಲ. ಕೊನೆಗೆ ಎಲೆಯ ಮೇಲೆ ನೀರು ಚಿಮುಕಿಸಿ ನೋಡಿ, “ಇದಕ್ಕ ನನ್ನ ಅರಿವಿ ಬ್ಯಾಡ ತಂಗಿ, ತಾನಾ ಒರಸ್ಕೊಂತೈತಿ” ಎಂದು ನಕ್ಕರು.

ತಿರುಗಿ ಬರುವಾಗ ನಾನು, “ಕೇಳಿದ್ರ ಉಳಿದವು ಬಾಡಿದ್ವು ಅನ್ರಿ” ಎಂದೆ.

ಅವರು ಪೆಡಲ್ ತುಳಿಯುತ್ತಲೇ ಹೇಳಿದರು. “ನನ್ನ ಪಾಲಿಂದು ಖರೇ ನಾ ಹೇಳ್ತೇನಿ. ನಿಮ್ಮ ಪಾಲಿಂದು ನಿಮಗ ಬಿಟ್ಟದ್ದು.”

ಹನ್ನೊಂದಕ್ಕೆ ಹದಿನಾಲ್ಕೂ ಮೇಜಿನ ಮೇಲೆ ಬಾವಿಯ ಜರಿ ಇತ್ತು. ಪರೀಕ್ಷಕರು ಸೂಕ್ಷ್ಮದರ್ಶಕದಲ್ಲಿ ನೋಡಿ, ಇಷ್ಟು ಹದವಾಗಿ ಮಾಗಿದ್ದನ್ನು ತಾವು ಮುಂಬಯಿಯಲ್ಲೂ ಕಂಡಿಲ್ಲವೆಂದರು. ಆಮೇಲೆ, ನಾಲ್ಕು ಜಾತಿ ಎಂದು ಬರೆದು ಒಂದೇ ಜಾತಿ ಏಕೆ ಇಟ್ಟಿರಿ ಎಂದು ಕೇಳಿದರು. ಪ್ರೊಫೆಸರರ ಮುಖ ಕೆಂಪಾಯಿತು. ಕಾಕಾನ ಕಡೆ ತಿರುಗಿದರು.

“ಉಳಿದವನ್ನ ನಾನಾ ಒರಸಿ ಕೆಡಿಸೇನ್ರಿ ಸಾಹೇಬ್ರ.”

“ಯಾರು ಹೇಳಿದ್ರು ನಿನಗ ಒರಸಂತ?”

“ಯಾರೂ ಹೇಳಿಲ್ರಿ.”

ಕಾಕಾ ನನ್ನ ಕಡೆ ನೋಡಲೇ ಇಲ್ಲ. ಬಾಯಿ ಬಿಡಲು ನನಗೆ ಅವಕಾಶವಿತ್ತು. ಪರೀಕ್ಷೆಯ ಸಾಮಾನು ನಾನು ಮುಟ್ಟಿದ್ದು ಹೊರಬಿದ್ದರೆ ನನ್ನನ್ನು ಎಬ್ಬಿಸಿ ಕಳಿಸುತ್ತಾರೆ, ಮನೆಯಲ್ಲಿ ಓದು ಬಿಡಿಸುತ್ತಾರೆ, ಎಂದೆಲ್ಲ ಲೆಕ್ಕ ಹಾಕಿದೆ. ಸೂಜಿಯಿಂದ ಎಲೆಯ ಅಂಚು ಬಿಡಿಸುತ್ತ ಕುಳಿತೆ. ತರಗತಿಗೆ ಹೆಚ್ಚಿನ ಅಂಕ ನನಗೇ ಬಂತು.

ಪ್ರೊಫೆಸರರು ಕಾಯಂ ಮಾಡಲು ಬರೆಯಲಿಲ್ಲ. ಬೇಸಿಗೆಗೆ ತೆಗೆದವರನ್ನು ಮಳೆಗಾಲಕ್ಕೆ ಕರೆಯಲೂ ಇಲ್ಲ. ಕಾಕಾ ಹುಬ್ಬಳ್ಳಿಗೆ ಹೋಗಿ ಅಣ್ಣನ ಅಂಗಡಿಯಲ್ಲಿ ಕುಳಿತರು.

ನಾನು ಸಸ್ಯಶಾಸ್ತ್ರದ ಅಧ್ಯಾಪಕಿಯಾದೆ. ಒಳ್ಳೆಯ ಅಧ್ಯಾಪಕಿಯೇ ಆದೆ. ಪ್ರತಿ ವರ್ಷ ಜರಿಗಿಡದ ಪಾಠ ಬಂದಾಗ, ಬೀಜಕಗಳನ್ನು ಹೊಲಸೆಂದು ಒರೆಸಿದ, ಹುಬ್ಬಳ್ಳಿಯ ಎಲೆಯಂಗಡಿ ಮನೆತನದ ಸಿಪಾಯಿಯ ಕಥೆ ಹೇಳುತ್ತಿದ್ದೆ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು, ಪಾಠ ಮರೆಯುತ್ತಿರಲಿಲ್ಲ. ಒರೆಸಿ ಎಂದವಳ ಮಾತು ಮಾತ್ರ ಆ ಕಥೆಯಲ್ಲಿ ಎಂದೂ ಬರಲಿಲ್ಲ. ಮೂವತ್ತು ವರ್ಷ ಹಾಗೆಯೇ ಹೇಳಿದೆ. ನಾಚಿಕೆಯಾಗುತ್ತದೆ.

ನಡುವೆ ಒಮ್ಮೆ ಅಂಗಡಿಗೆ ಹೋಗಿದ್ದೆ. ಕಾಕಾ ಗುರುತು ಹಿಡಿದು ಸ್ಟೂಲು ಕೊಟ್ಟರು. “ನನ್ನ ಕಥಿ ಹೇಳ್ತೀರಂತಲ್ರಿ ಸಾಲ್ಯಾಗ? ನಿಮ್ಮ ಹುಡುಗ್ರು ಬಂದಾಗ ಹೇಳ್ತಾರ. ಹೇಳ್ರಿ ಹೇಳ್ರಿ, ನಕ್ರ ಲಗೂ ತಲಿಗೆ ಹತ್ತತೈತಿ” ಎಂದರು. ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಕೊಟ್ಟ ಬೀಡಾ ತಿಂದು ಬಂದೆ. ಮುಂದಿನ ಸಲ ಹೇಳಿದರಾಯಿತೆಂದುಕೊಂಡೆ... ಮುಂದಿನ ಸಲ ಹೋಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು.

ನಿನ್ನೆ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆ. ಅಂಗಡಿಯಲ್ಲಿ ಕಾಕಾನ ಮಗ, ಅವನಿಗೂ ತಲೆ ನೆರೆತಿದೆ. ನಿಂತುಕೊಂಡೇ ಎಲ್ಲ ಹೇಳಿದೆ. ಒರೆಸಿ ಎಂದವಳು ನಾನು, ನಿಮ್ಮ ತಂದೆಯ ಕೆಲಸ ಹೋದದ್ದು ನನ್ನಿಂದ ಎಂದೆ. ಅವನು ಕೈಯ ಕೆಲಸ ನಿಲ್ಲಿಸಿ ಕೇಳಿದ. ಆಮೇಲೆ ಬಹಳ ಮೆತ್ತಗೆ, “ಹಂಗಿಲ್ರಿ ಅವ್ವಾರ. ನಮ್ಮ ಅಬ್ಬಾ ಸಾಯೂತನಕ ಒಂದಾ ಮಾತು ಹೇಳ್ತಿದ್ರು, ಯಾರೂ ಹೇಳಿದ್ದಿಲ್ಲ, ನಾನಾ ಒರಸಿದ್ದೆ ಅಂತ. ಅವರು ಸುಳ್ಳ ಹೇಳೋರಲ್ರಿ. ನಿಮಗ ವಯಸ್ಸಾಗೇತಿ, ನೆನಪು ಹಿಂದ ಮುಂದ ಆಗಿರಬೇಕು” ಎಂದ.

ನಾನು ಮತ್ತೆ ಹೇಳಿದೆ. ಅವನು ತಲೆಯಾಡಿಸಿ, ಕುಡಿಯಲು ನೀರು ಕೊಟ್ಟು, ಬಸ್ಸಿನವರೆಗೆ ಕೈಹಿಡಿದು ಬಿಟ್ಟುಬಂದ. ನನ್ನ ಮಾತು ನಿಜವೆಂದು ಹೇಳಬಲ್ಲವರು ಒಬ್ಬರೇ ಇದ್ದರು. ಅವರು ಹೋಗಿ ಬಹಳ ವರ್ಷವಾಯಿತು.