ಹಿಟ್ಟು ಖಾಲಿ ಮಾಡುವ ತಿರಕಪ್ಪ

ಬೆಟಗೇರಿಯ ಮಿರ್ಚಿ ಭಜಿ ಅಂಗಡಿಯ ತಿರಕಪ್ಪನಷ್ಟು ಹಟಮಾರಿ ವ್ಯಾಪಾರಿಯನ್ನು ನಾನು ನೋಡಿಲ್ಲ. ಕುರ್ತಕೋಟಿಯಿಂದ ಬೈಕು ಹತ್ತಿ ಬಂದವರೂ ಸಂಜೆ ಏಳು ಗಂಟೆ ದಾಟಿದರೆ ಅವನ ಖಾಲಿ ಬುಟ್ಟಿ ನೋಡಿಯೇ ಹೋಗಬೇಕು. ಮೋಡ, ಸಂತೆ, ಮದುವೆಯ ಮುಹೂರ್ತ ಎಲ್ಲವನ್ನೂ ಲೆಕ್ಕ ಹಾಕಿ ಇವತ್ತು ಎಷ್ಟು ಭಜಿ ಖರ್ಚಾಗುತ್ತವೆಂದು ಪಂಚಾಂಗದವರಿಗಿಂತ ಖಚಿತವಾಗಿ ಹೇಳುತ್ತಾನೆ. ಆಮೇಲೆ ಅದಕ್ಕಿಂತ ನಾಲ್ಕು ಕಡಿಮೆಯೇ ಕರಿಯುತ್ತಾನೆ. “ಇನ್ನೊಂದು ಬೊಗಸಿ ಹಿಟ್ಟು ಕಲಸಿದ್ರ ನಿಂದೇನು ಗಂಟು ಹೋಗತೈತೋ ತಿರಕಪ್ಪಾ?” ಎಂದು ಗಿರಾಕಿಗಳು ರೇಗಿದರೆ, “ಹಿಟ್ಟು ಖಾಲಿ ಆತ್ರಿ, ನಾಳಿ ಜಲ್ದಿ ಬರ್ರಿ” ಎಂದು ನಕ್ಕು ಒಲೆ ಆರಿಸುತ್ತಾನೆ. ಅಪ್ಪಿತಪ್ಪಿ ಎರಡು ಭಜಿ ಉಳಿದರೆ ದಾರಿಹೋಕರ ಕೈ ಹಿಡಿದು ನಿಲ್ಲಿಸಿ ತಿನ್ನಿಸುತ್ತಾನೆ. ಅಂಥ ಭಜಿ ನನಗೂ ಸಿಕ್ಕಿವೆ. ಲಾಕ್‌ಡೌನ್‌ಗೆ ಮೊದಲು ಅವನು ಹೀಗಿರಲಿಲ್ಲ. ಬುಟ್ಟಿ ತುಂಬ ಕರಿದು, ಉಳಿದದ್ದನ್ನು ಮನೆಗೆ ಒಯ್ಯುತ್ತಿದ್ದ. ಲಾಕ್‌ಡೌನ್ ಬಂದಾಗ ಅಂಗಡಿ ಮುಚ್ಚಿ ಎರಡು ತಿಂಗಳು ಮನೆಯಲ್ಲೇ ಉಳಿದು, ಹೆಂಡತಿ ಸಿದ್ದಲಿಂಗವ್ವನ ಜೊತೆ ಕುಳಿತು ಬಿಸಿ ರೊಟ್ಟಿ ಉಂಡ. ಒಂದು ದಿನ ಅವಳು, “ನನ್ನ ಎದಿ ಉರಿ ಪೂರಾ ನಿಂತೈತಿ ನೋಡ್ರಿ” ಅಂದಳಂತೆ. ಯಾವ ಎದೆಯುರಿ ಎಂದು ಕೇಳಿದಾಗಲೇ ಅವನಿಗೆ ಗೊತ್ತಾದದ್ದು: ಉಳಿದ ಭಜಿ ಚೆಲ್ಲಬಾರದೆಂದು ಇಪ್ಪತ್ತು ವರ್ಷ ಅವಳು, ಅವನು ಉಂಡು ಮಲಗಿದ ಮೇಲೆ, ರಾತ್ರಿಯ ಊಟಕ್ಕೆ ಅವನ್ನೇ ತಿಂದಿದ್ದಳು. ಈಗ ದಿನಾ ತಿರಕಪ್ಪ ಹೊಸ್ತಿಲಲ್ಲಿ ನಿಂತು ಖಾಲಿ ಬುಟ್ಟಿಯನ್ನು ಬೋರಲು ಹಿಡಿದು ತೋರಿಸುತ್ತಾನೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತದೆ, ಇಬ್ಬರಿಗೆ.