ಕಣ್ಣು ತೆರೆಸುವ ಮಾಸ್ತರ

ಪಾರೀಸ ಮಾಸ್ತರನಿಗೆ ಖಾನಾಪುರವೆಂದರೆ ಅಷ್ಟಕ್ಕಷ್ಟೆ. ಊರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ, ಊರಿನ ನೀರು ಕುಡಿಯುತ್ತಿದ್ದ, ಊರಿನವರನ್ನು ಮಾತ್ರ ಮನುಷ್ಯರೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಊರೂ ಅವನನ್ನು ಎಂದೋ ಕೈಬಿಡುತ್ತಿತ್ತು. ಆದರೆ ಊರಲ್ಲಿ ಜನ ಸಾಯುತ್ತಿದ್ದರು, ಸತ್ತವರ ಚಿತ್ರ ಬರೆಯುವವನು ಇಡೀ ತಾಲೂಕಿಗೆ ಅವನೊಬ್ಬನೇ ಇದ್ದ.

ಎಪ್ಪತ್ತರ ದಶಕದ ಮಾತು. ಬದುಕಿದ್ದಾಗ ಫೋಟೋ ತೆಗೆಸಿಕೊಳ್ಳುವ ಚಟ ಆ ಕಡೆಯ ಹಿರಿಯರಿಗೆ ಇರಲಿಲ್ಲ. ಸತ್ತ ಮೇಲೆ ಮಕ್ಕಳಿಗೆ ನೆನಪಾಗುತ್ತಿತ್ತು. ಲಿಂಗಾಯತರ ಮನೆಗಳಲ್ಲಿ ತೀರಿಕೊಂಡವರನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆತುಂಬ ವಿಭೂತಿ ಹಚ್ಚಿ, ರುಮಾಲು ಸುತ್ತಿ, ಕೊರಳಿಗೆ ಹೂವಿನ ಮಾಲೆ ಹಾಕುತ್ತಾರಲ್ಲ, ಆಗ ಓಡಿಹೋಗಿ ಫೋಟೋದವನನ್ನು ಕರೆತರುತ್ತಿದ್ದರು. ಆ ಹಿರಿಯರ ಪಾಲಿಗೆ ಅದೇ ಮೊದಲ ಫೋಟೋ, ಅದೇ ಕಡೆಯದು. ಅದರಲ್ಲಿ ಕಣ್ಣು ಮುಚ್ಚಿರುತ್ತಿತ್ತು. ಕಣ್ಣು ಮುಚ್ಚಿದ ಅಪ್ಪನನ್ನು ಪಡಸಾಲೆಯಲ್ಲಿ ತೂಗುಹಾಕಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ. ಮಗನೋ ಅಳಿಯನೋ ಆ ಫೋಟೋ ಹಿಡಿದು ಮಾಸ್ತರನ ಮನೆಯ ಕಟ್ಟೆಗೆ ಬಂದು, ಕಣ್ಣು ತೆರೆದಂತೆ ಬರೆದುಕೊಡಿ ಎಂದು ಕೈಮುಗಿಯುತ್ತಿದ್ದ.

ಈ ಕೆಲಸವನ್ನು ಪಾರೀಸ ಹೇಸಿಗೆ ಮುಟ್ಟಿದಂತೆ ಮಾಡುತ್ತಿದ್ದ. ಬಂದವರ ಬೇಡಿಕೆಗಳೂ ಹಾಗೇ ಇರುತ್ತಿದ್ದವು ಎನ್ನಿ. ಬದುಕಿದ್ದಾಗ ಅಪ್ಪನಿಗೆ ನೆಟ್ಟಗೆ ಒಂದು ಅಂಗಿ ಹೊಲಿಸದ ಮಗ, ಸತ್ತ ಮೇಲೆ ಕೋಟು ಬರೆಯಿರಿ ಎನ್ನುತ್ತಿದ್ದ. ಒಬ್ಬನಿಗೆ ಜರಿ ರುಮಾಲು ಬೇಕು, ಇನ್ನೊಬ್ಬನಿಗೆ ಬೆರಳಲ್ಲಿ ಉಂಗುರ ಬೇಕು, ಮತ್ತೊಬ್ಬನಿಗೆ ಬೊಚ್ಚುಬಾಯಿಯ ಅವ್ವನಿಗೆ ತುಂಬಿದ ಕೆನ್ನೆ ಬೇಕು. ಪಾರೀಸ ಕೇಳಿದ್ದನ್ನೆಲ್ಲ ಬಳಿದುಕೊಟ್ಟು, ಅವರು ಓಣಿ ದಾಟುವ ಮೊದಲೇ ಅವರ ವಂಶವನ್ನು ಜಾಲಾಡುತ್ತಿದ್ದ.

ಕಣ್ಣಿನ ವಿಷಯದಲ್ಲಿ ಮಾತ್ರ ಅವನದೊಂದು ಕಟ್ಟುನಿಟ್ಟು ಇತ್ತು. ಅವನು ಮುಂಬೈಯಲ್ಲಿ ಚಿತ್ರಕಲೆ ಕಲಿತು ಬಂದವನು. ಬೆಳಗಾವಿಯಲ್ಲಿ ಕಾಳುಕಡಿ ವ್ಯಾಪಾರ ಮಾಡುತ್ತಿದ್ದ ಅಪ್ಪ ನೇಮಣ್ಣನ ಜೊತೆ ಜಗಳ ತೆಗೆದು ಕಲಿತ ವಿದ್ಯೆ ಅದು. ಎದುರಿಗೆ ವಸ್ತು ಇಲ್ಲದೆ ಗೆರೆ ಎಳೆಯಬಾರದು ಎಂದು ಅಲ್ಲಿ ಅವನ ತಲೆಗೆ ತುಂಬಿದ್ದರು. ಮುಚ್ಚಿದ ಕಣ್ಣಿಗೆ ಎದುರಿಗೆ ಏನನ್ನು ಇಟ್ಟುಕೊಳ್ಳಬೇಕು? ಕಿಟಕಿಯ ಸರಳಿಗೆ ಗಡ್ಡ ಹೆರೆಯುವ ಕನ್ನಡಿ ತೂಗುಬಿಟ್ಟಿದ್ದ. ಬೆಳಕು ಚೆನ್ನಾಗಿ ಬೀಳುವ ಜಾಗ. ಅದರಲ್ಲಿ ನೋಡಿಕೊಂಡು ರೆಪ್ಪೆ, ಪಾಪೆ, ಪಾಪೆಯೊಳಗಿನ ಬೆಳಕಿನ ಚುಕ್ಕಿ ಎಲ್ಲ ಬರೆದು, ವಯಸ್ಸಿಗೆ ತಕ್ಕಂತೆ ಸುತ್ತ ಸುಕ್ಕು ಎಳೆದು ಮುಗಿಸುತ್ತಿದ್ದ. ಹೆಂಗಸರಾದರೆ ಹುಬ್ಬು ತೆಳ್ಳಗೆ ಮಾಡುತ್ತಿದ್ದ. ಯಾರಿಗೂ ಸಂಶಯ ಬರಲಿಲ್ಲ. ಕಣ್ಣು ಎಷ್ಟು ಜೀವಂತವಾಗಿ ಬಂದಿವೆ, ನಮ್ಮನ್ನೇ ನೋಡಿದಂತಿದೆ ಎಂದು ಹೇಳಿ ಕಣ್ಣೊರೆಸಿಕೊಂಡು ಹೋಗುತ್ತಿದ್ದರು.

ಸತ್ತವರ ಕಣ್ಣು ಹೇಗಿದ್ದವು ಎಂದು ತಿಳಿಯಲು ದಾರಿ ಇರಲಿಲ್ಲವೆಂದಲ್ಲ. ಕಟ್ಟೆಯ ಮೇಲೆ ಕೂತವರು ಅದನ್ನೇ ಹೇಳಿ ಹೇಳಿ ಅಳುತ್ತಿದ್ದರು. ಅವರಿಗೆ ಚಹಾ ಕೊಡಲು ಹೋದ ಹೆಂಡತಿ ರಾಜಮತಿ ಬಾಗಿಲಿಗೆ ಆತು ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಒಳಗೆ ಬಂದು ಹೇಳಿಯೂ ಹೇಳಿದ್ದಳು: ಆ ಅಜ್ಜ ನಕ್ಕರೆ ಕಣ್ಣು ಪೂರಾ ಮುಚ್ಚಿಹೋಗುತ್ತಿದ್ದವಂತೆ, ಈ ಅಮ್ಮನಿಗೆ ಒಂದು ಕಣ್ಣು ಕೊಂಚ ಸಣ್ಣದಿತ್ತಂತೆ. ಅಡುಗೆಮನೆಯವರು ಅಡುಗೆಮನೆಯಲ್ಲಿದ್ದರೆ ಚೆಂದ ಎಂದಿದ್ದ ಪಾರೀಸ. ಅವಳು ಹೇಳುವುದನ್ನು ಬಿಟ್ಟಳು. ಅದೇ ದಿನಗಳಲ್ಲಿ ಒಮ್ಮೆ ತನ್ನದೂ ಒಂದು ಚಿತ್ರ ಬರೆಯಿರಿ ಎಂದು ಕೇಳಿದ್ದಳು. ಪಾರೀಸ ಕುಂಚದಿಂದ ತಲೆ ಎತ್ತಿ ಒಂದು ಸಲ ನೋಡಿದ.

“ನಿನ್ನ ಮಾರ್ಯಾಗ ಬರಿಯೂವಂಥಾದ್ದು ಏನೈತಿ?” ಎಂದ.

ಅವಳು ಆಮೇಲೆ ಅದನ್ನೂ ಕೇಳಲಿಲ್ಲ.

ಶಾಲೆಯಲ್ಲಿ ಅವನು ಕಲಿಸುತ್ತಿದ್ದ ರೀತಿಯೂ ಇದೇ. ಮೇಜಿನ ಮೇಲೆ ಒಂದು ಹೂಜಿ, ಒಂದು ಬದನೆಕಾಯಿ ಇಟ್ಟು ಬರೆಯಿರಿ ಎನ್ನುತ್ತಿದ್ದ. ಮರಾಠಿ ಮಕ್ಕಳು, ಕನ್ನಡ ಮಕ್ಕಳು ಎಂಬ ಭೇದ ಅವನಲ್ಲಿ ಇರಲಿಲ್ಲ, ಎಲ್ಲರನ್ನೂ ಸಮನಾಗಿ ತುಚ್ಛವಾಗಿ ಕಾಣುತ್ತಿದ್ದ. ತರಗತಿಯಲ್ಲಿ ಸುತ್ತು ಹೊಡೆಯುತ್ತ ಒಬ್ಬೊಬ್ಬರ ಹಾಳೆಯ ಮುಂದೆ ನಿಲ್ಲುವನು, ಏನೂ ಹೇಳನು, ಒಂದು ನೋಟ ನೋಡುವನು. ಆ ನೋಟ ಬಿದ್ದ ಮಕ್ಕಳು ಹಾಳೆಯನ್ನು ತಾವೇ ಹರಿಯುತ್ತಿದ್ದರು. ಇಷ್ಟು ವರ್ಷಗಳಲ್ಲಿ ಅವನ ಕೈಕೆಳಗೆ ಕಲಿತ ಒಬ್ಬರೂ ಚಿತ್ರಗಾರರಾಗಲಿಲ್ಲ. ಖಾನಾಪುರದ ಮಣ್ಣು ಹಂಚು ಸುಡಲಿಕ್ಕಷ್ಟೇ ಲಾಯಕ್ಕು ಎಂದು ಅವನು ತೀರ್ಪು ಕೊಟ್ಟುಬಿಟ್ಟಿದ್ದ.

ಇಷ್ಟು ಸೊಕ್ಕಿಗೆ ಕಾರಣವಾದ ಕಲೆ ಯಾವುದು ಎಂದು ಕೇಳಿದರೆ, ಹಲಸಿಯ ಗುಡಿಗಳು. ರವಿವಾರ ಬಂತೆಂದರೆ ಬಣ್ಣದ ಪೆಟ್ಟಿಗೆ ಕಟ್ಟಿಕೊಂಡು ಹಲಸಿಯ ಬಸ್ಸು ಹತ್ತುವನು. ಆ ಹಳೆಯ ಗುಡಿಗಳ ಕಲ್ಲು, ಕಲ್ಲಿನ ಮೇಲಿನ ಪಾಚಿ, ಮೋಡದ ನೆರಳು ಇವನ್ನು ನೀರುಬಣ್ಣದಲ್ಲಿ ಬರೆಯುವುದರಲ್ಲಿ ಅವನ ಕೈ ನಿಜವಾಗಿ ಪಳಗಿತ್ತು. ಇದನ್ನು ಇಲ್ಲವೆಂದರೆ ಸುಳ್ಳಾದೀತು. ಆದರೆ ಆ ಚಿತ್ರಗಳಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಗುಡಿಯ ಪೂಜಾರಿ, ನೀರು ಹೊತ್ತ ಹೆಂಗಸರು, ಪೌಳಿಯಲ್ಲಿ ಮಲಗಿದ ಎಮ್ಮೆ ಕಾಯುವವರು, ಯಾರು ಎದುರಿಗೆ ಬಂದರೂ ಅವರು ಸರಿದುಹೋಗುವವರೆಗೆ ಕುಂಚ ಎತ್ತಿ ಹಿಡಿದು ಕಾಯುತ್ತಿದ್ದ.

ಈ ಚಿತ್ರಗಳನ್ನು ಬೆಳಗಾವಿಯಲ್ಲಿ ತೂಗುಹಾಕಬೇಕು. ಸದಾಶಿವನಗರದ ಬಂಗಲೆಯೊಂದರಲ್ಲಿ ತಿಂಗಳಿಗೊಮ್ಮೆ ಸೇರಿ ಕಲೆಯ ಬಗ್ಗೆ ಮಾತಾಡುತ್ತ ಚಕ್ಕಲಿ ತಿನ್ನುವ ರಸಿಕರ ಕೂಟ ಬಂದು ನೋಡಬೇಕು, ನೋಡಿ ಕಲಾವಿದ ಎನ್ನಬೇಕು. ಪಾರೀಸನಿಗೆ ಬದುಕಿನಲ್ಲಿ ಬೇಕಾದದ್ದು ಇದೊಂದೇ. ಆ ಕೂಟದವರು ಅವನನ್ನು ಫೋಟೋ ಮಾಸ್ತರ ಎಂದು ಕರೆಯುತ್ತಿದ್ದರು. ಅವನು ಅವರನ್ನು ಚಕ್ಕಲಿ ರಸಿಕರು ಎಂದು ಹೀಯಾಳಿಸುತ್ತಿದ್ದ. ಹೀಯಾಳಿಸುತ್ತಲೇ ಅವರ ಬಾಯಿಂದ ಬರುವ ಆ ಒಂದು ಶಬ್ದಕ್ಕಾಗಿ ಹಲ್ಲು ಕಚ್ಚಿ ಕಾದಿದ್ದ.

ಎಂಬತ್ನಾಲ್ಕರಲ್ಲಿ ಅದಕ್ಕೊಂದು ದಾರಿ ತೆರೆಯಿತು. ಖಾನಾಪುರದ ಹಂಚಿನ ಕಾರಖಾನೆಯ ದುಂಡಪ್ಪ ಬೆಳಗಾವಿಯ ಮಹಾಂತೇಶ ನಗರದಲ್ಲಿ ದೊಡ್ಡ ಮನೆ ಕಟ್ಟಿಸಿದ್ದ. ಮನೆಯಾಯಿತು, ಇನ್ನು ಹೆಸರು ಬೇಕಿತ್ತು. ಪ್ರದರ್ಶನಕ್ಕೆ ಸಭಾಭವನ ತಾನು ಹಿಡಿಸಿಕೊಡುವುದಾಗಿ ಮಾಸ್ತರನಿಗೆ ಹೇಳಿಕಳಿಸಿದ. ಒಂದೇ ಕರಾರು: ಮಾಸ್ತರ ಬರೆದುಕೊಟ್ಟಿದ್ದ ಅವನ ತಂದೆ ಸಿದ್ದಪ್ಪನ ಚಿತ್ರ ನಟ್ಟನಡುವೆ ಇರಬೇಕು. ಪಾರೀಸ ಒಲ್ಲದ ಮನಸ್ಸಿನಿಂದ ಒಪ್ಪಿದ. ಸುದ್ದಿ ಹಬ್ಬಿದ್ದೇ ತಡ, ದುಂಡಪ್ಪನ ಅಪ್ಪ ಬೆಳಗಾವಿಗೆ ಹೋಗುವುದಾದರೆ ನಮ್ಮಪ್ಪ ಏನು ಕಡಿಮೆ ಎಂದು ಉಳಿದವರೂ ಎದ್ದರು. ಗೋಡೆಗೋಡೆಯಿಂದ ಅಪ್ಪಂದಿರು, ಅವ್ವಂದಿರು ಇಳಿದು ಬಂದರು. ಬೇಡವೆಂದರೆ ದುಂಡಪ್ಪನಿಗೆ ತನ್ನ ಹಂಚಿನ ಗಿರಾಕಿಗಳ ನಿಷ್ಠುರ, ದುಂಡಪ್ಪ ಕೈಬಿಟ್ಟರೆ ಸಭಾಭವನವಿಲ್ಲ. ಕಡೆಗೆ ಹಂಚು ಸಾಗಿಸುವ ಲಾರಿಯಲ್ಲಿ, ಹಂಚಿಗೆ ಹಾಸುವ ಹುಲ್ಲನ್ನೇ ಹಾಸಿ, ತಾಲೂಕಿನ ಸತ್ತವರೆಲ್ಲ ಹಲಸಿಯ ಗುಡಿಗಳ ಜೊತೆ ಬೆಳಗಾವಿಗೆ ಹೊರಟರು.

ಒಂದು ಗೋಡೆಗೆ ಗುಡಿಗಳು, ಎದುರಿನ ಗೋಡೆಗೆ ಹಿರಿಯರು. ಚಕ್ಕಲಿ ರಸಿಕರು ಬಂದರು. ಅವರ ಮುಖ್ಯಸ್ಥ ದೀಪ ಹಚ್ಚಿ, ಚಿತ್ರಗಳಿಗೆ ಬೆನ್ನು ಮಾಡಿ ನಿಂತು, ಪ್ಯಾರಿಸ್ಸಿನ ಬಗ್ಗೆ ಬಹಳ ಹೊತ್ತು ಮಾತಾಡಿದ. ಮುಗಿದ ಮೇಲೆ ಗುಡಿಗಳ ಮುಂದೆ ಇಬ್ಬರೋ ಮೂವರೋ ನಿಂತರು. ಹಲಸಿ ಇಲ್ಲೇ ಇದೆಯಲ್ಲ, ಬಸ್ಸು ಹತ್ತಿದರೆ ನಿಜವಾದ ಗುಡಿಯನ್ನೇ ನೋಡಬಹುದು ಎಂದು ಒಬ್ಬ ಅಂದದ್ದು ಪಾರೀಸನ ಕಿವಿಗೆ ಬಿತ್ತು. ಉಳಿದವರೆಲ್ಲ ಹಿರಿಯರ ಗೋಡೆಯ ಮುಂದೆ ಕಿಕ್ಕಿರಿದಿದ್ದರು, ನಮ್ಮ ಕಾಕಾ, ನಮ್ಮ ಅತ್ತೆ ಎಂದು ಬೆರಳು ಮಾಡುತ್ತ. ಪಾರೀಸ ಆ ಗೋಡೆಯ ಮೂಲೆಯಲ್ಲಿ, ಕಡೆಯ ಚಿತ್ರದ ಬಾಜೂಕ್ಕೆ ಕೈಕಟ್ಟಿ ನಿಂತು ಆ ಗುಂಪನ್ನು ನೋಡುತ್ತಿದ್ದ. ಅವನು ಹೇಗೆ ನೋಡುತ್ತಿದ್ದ ಎಂದು ಮತ್ತೆ ಹೇಳಬೇಕಾಗಿಲ್ಲ.

ದುಂಡಪ್ಪನ ತಾಯಿ ಸಂಗವ್ವ ಮುದುಕಿ. ಗಂಡನ ಚಿತ್ರಕ್ಕೆ ಕೈಮುಗಿದು ಮುಂದಿನದಕ್ಕೆ ಹೋದಳು. ಅಲ್ಲಿಂದ ಇನ್ನೊಂದಕ್ಕೆ. ಮತ್ತೆ ಹಿಂದೆ ಬಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಸಾಲನ್ನು ಇನ್ನೊಮ್ಮೆ ಮೊದಲಿಂದ ನೋಡಿದಳು. ಸಾಲು ಮುಗಿದಲ್ಲಿ ಮಾಸ್ತರ ನಿಂತಿದ್ದ. ಅವನ ಮುಖದ ಮುಂದೆಯೂ ಚಿತ್ರದ ಮುಂದೆ ನಿಂತ ಹಾಗೇ ನಿಂತಳು.

“ಮಾಸ್ತರ, ಇವು ಎಲ್ಲಾ ನಿಮ್ಮ ಕಣ್ಣ ಅಲ್ರೀ?” ಎಂದಳು.

ದನಿ ಸಣ್ಣದೇ. ಆದರೆ ಭವನದಲ್ಲಿ ಇದ್ದವರೆಲ್ಲ ಮೊದಲು ಗೋಡೆಯತ್ತ, ಆಮೇಲೆ ಅವನತ್ತ ತಿರುಗಿದರು. ರುಮಾಲಿನ ಕೆಳಗೆ, ಸೆರಗಿನ ಕೆಳಗೆ, ವಿಭೂತಿಯ ಕೆಳಗೆ ಅದೇ ಕಣ್ಣುಗಳು, ಅರ್ಧ ಇಳಿದ ಅದೇ ರೆಪ್ಪೆ, ಮುಂದಿರುವವರು ಯಾತಕ್ಕೂ ಬಾರದವರೆಂದು ಮೊದಲೇ ಗೊತ್ತಿದ್ದಂಥ ಅದೇ ನೋಟ. ಯಾರೋ ಕಿಸಕ್ಕೆಂದರು. ರಸಿಕರ ಮುಖ್ಯಸ್ಥನಂತೂ ಆ ಸಂಜೆ ಮೊದಲ ಸಲ ಚಿತ್ರಗಳನ್ನು ನೋಡಿದ. ಸಂಗವ್ವ ನಗಲಿಲ್ಲ.

“ನಮ್ಮನಿಯವರು ಹಿಂಗ ನೋಡಾವರು ಅಲ್ರೀ. ಭಾಳ ಮಾಯಾ ಮಮತಾ ಇದ್ದ ಮನಷ್ಯಾ. ಸತ್ತಮ್ಯಾಲ ನನ್ನ ಮ್ಯಾಲ ಯಾಕ ಸಿಟ್ಟಾಗ್ಯಾರ, ನಾ ಏನ ತಪ್ಪ ಮಾಡೀನಿ ಅಂತ ಇಷ್ಟ ವರ್ಷ ಆ ಗ್ವಾಡಿ ಮುಂದ ಕುಂತ ಉಣ್ಣಾಕೂ ಅಂಜತಿದ್ದೆ.”

ದುಂಡಪ್ಪ ತಾಯಿಯ ಕೈಹಿಡಿದುಕೊಂಡು ನಿಂತಿದ್ದ. ಅವನೂ ಕಾರಖಾನೆ ದೊಡ್ಡದು ಮಾಡಿದಾಗ, ಮನೆ ಕಟ್ಟಿಸಿದಾಗ, ಪ್ರತಿಸಲ ಅಪ್ಪನ ಚಿತ್ರದ ಮುಂದೆ ನಿಂತು ಇಷ್ಟೇನಾ ಎಂದು ಅನ್ನಿಸಿಕೊಂಡು ಬಂದವನು. ಆ ಮಾತು ಅವನು ಯಾರಿಗೂ ಹೇಳಿರಲಿಲ್ಲ, ಆಗಲೂ ಹೇಳಲಿಲ್ಲ. ಕಣ್ಣಷ್ಟು ತಿದ್ದಿಕೊಡಿ, ಅಪ್ಪ ಹೇಗಿದ್ದ ಎಂದು ಅವ್ವ ಕೂತು ಹೇಳುತ್ತಾಳೆ ಎಂದು ಮಾಸ್ತರನನ್ನು ವಿನಯದಿಂದಲೇ ಕೇಳಿಕೊಂಡ.

ಅಲ್ಲಿಗೆ ಪಾರೀಸ ಒಂದು ಹೂಂ ಅಂದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ರಸಿಕರು ನೋಡುತ್ತಿದ್ದರು. ಬರೆದದ್ದನ್ನು ತಿದ್ದುವವನು ಕಲಾವಿದನಲ್ಲ, ಹಂಚಿನವರಿಗೆ ಕಣ್ಣಿನ ಬೆಲೆ ಏನು ಗೊತ್ತು ಎಂದುಬಿಟ್ಟ. ದುಂಡಪ್ಪ ಅಪ್ಪನನ್ನು ಗೋಡೆಯಿಂದ ಇಳಿಸಿಕೊಂಡ. ಅವನ ಹಿಂದೆ ಉಳಿದವರೂ ಇಳಿಸಿಕೊಂಡರು. ಹಲಸಿಯ ಗುಡಿಗಳು ಖಾಲಿ ಗೋಡೆಯನ್ನು ನೋಡುತ್ತ ಉಳಿದವು. ಕಲಾವಿದ ಎಂಬ ಶಬ್ದ ಆ ಸಂಜೆ ಪಾರೀಸನ ಬಾಯಿಂದ ಮಾತ್ರ ಬಂದಿತ್ತು.

ಮುಂದಿನದನ್ನು ಹೇಳಿದರೆ ನಗು ಬರುತ್ತದೆ. ಬೆಳಗಾವಿಯಲ್ಲಿ ಸಿನೆಮಾ ಬೋರ್ಡು ಬರೆಯುವ ತಮ್ಮಣ್ಣ ಎಂಬವನಿದ್ದ. ದುಂಡಪ್ಪ ಅವನ ಹತ್ತಿರ ಹೋದ. ತಾನು ಕಾಣದವರ ಕಣ್ಣು ಬರೆಯುವುದು ತನ್ನ ಕೈಲಾಗದ ಕೆಲಸ ಎಂದು ತಮ್ಮಣ್ಣ ಒಪ್ಪಿಕೊಂಡ, ಆದರೆ ಮುಚ್ಚುವುದಾದರೆ ಆದೀತು ಎಂದು ಸಿದ್ದಪ್ಪನ ಮುಖಕ್ಕೆ ಕಪ್ಪು ಗಾಗಲ್ ಬರೆದುಕೊಟ್ಟ. ಹಣೆಯ ಮೇಲೆ ವಿಭೂತಿ, ತಲೆಗೆ ಜರಿ ರುಮಾಲು, ಕಣ್ಣಿಗೆ ಹೀರೋಗಳು ಹಾಕುವಂಥ ಗಾಗಲ್. ಸಂಗವ್ವ ಅದನ್ನು ನೋಡಿ ಬಹಳ ದಿನದ ಮೇಲೆ ನಕ್ಕಳಂತೆ, ಅಂದಿನಿಂದ ಆ ಗೋಡೆಯ ಮುಂದೆಯೇ ಕೂತು ಉಂಡಳಂತೆ. ವರ್ಷ ತುಂಬುವುದರೊಳಗೆ ಖಾನಾಪುರ ತಾಲೂಕಿನ ಹಿರಿಯರೆಲ್ಲ ಗಾಗಲ್ ಹಾಕಿಕೊಂಡರು.

ಪಾರೀಸನಿಗೆ ಈ ಸುದ್ದಿ ತಲುಪಿದ್ದು ಒಂದು ಸಂಜೆ, ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಕೂತಾಗ. ಹೊರಗಿನಿಂದ ಕೇಳಿಕೊಂಡು ಬಂದದ್ದನ್ನು ರಾಜಮತಿಗೆ ಹೇಳುತ್ತ ಹೇಳುತ್ತ ನಕ್ಕ. ತಮ್ಮಣ್ಣನನ್ನು ಹಳಿದ, ದುಂಡಪ್ಪನನ್ನು ಹಳಿದ, ಸತ್ತವರಿಗೆ ಬಿಸಿಲು ಹತ್ತುತ್ತದೆಯೇ ಎಂದು ಕೇಳಿ ಮತ್ತೆ ನಕ್ಕ. ಇಂಥ ಊರಿಗೆ ತನ್ನ ಕಣ್ಣು ಕೊಟ್ಟದ್ದೇ ಹೆಚ್ಚಾಯಿತು ಎಂದ. ರಾಜಮತಿ ತಾಟಿಗೆ ರೊಟ್ಟಿ ಹಾಕುತ್ತಿದ್ದಳು. ಹಾಕಿ ಕೈ ಒರೆಸಿಕೊಂಡಳು.

“ಅವರಿಗೆ ಗಾಗಲ್ ಬರಸೂ ದಾರಿ ಇತ್ರಿ. ಈ ಕಣ್ಣಿಗೆ ನಾ ಎಲ್ಲಿಂದ ಬರಸಲಿ?” ಎಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ. ಪಲ್ಯ ಬೇಕೇ ಎಂದು ಕೇಳುವ ದನಿಯಲ್ಲೇ ಅಂದಿದ್ದಳು, ಅಂದು ಪಲ್ಯವನ್ನೂ ಬಡಿಸಿದಳು. ಪಾರೀಸ ತಲೆ ಎತ್ತಿದ. ಎತ್ತಿದ ಮೇಲೆ, ಅವಳನ್ನು ಹೇಗೆ ನೋಡಬೇಕು ಎಂಬುದೇ ತಿಳಿಯದೆ, ಮತ್ತೆ ತಾಟಿನ ಕಡೆ ನೋಡಿದ. ಅವಳು ಒಲೆಯ ಕಡೆ ತಿರುಗಿ ಆಗಿತ್ತು.

ಮರುದಿನ ಬೆಳಿಗ್ಗೆ ಅವನು ಕಿಟಕಿಯ ಕನ್ನಡಿಯ ಮುಂದೆ ಕಣ್ಣು ಎತ್ತದೆಯೇ ಗಡ್ಡ ಹೆರೆದುಕೊಂಡ. ಗದ್ದ ಕೊಯ್ದುಕೊಂಡ. ರಾಜಮತಿ ಒದ್ದೆ ಬಟ್ಟೆ ತಂದು ಕಿಟಕಿಯ ಮೇಲೆ ಇಟ್ಟು ಒಳಗೆ ಹೋದಳು.